ತಿಳಿನೀರಲ್ಲೂ ಬಿಲ್ಹಾರ್ಜಿಯಾ: ಬಸವನಹುಳು, ಮೀನು ಮತ್ತು ಮಲಾವಿ ಸರೋವರದ ಹಳ್ಳಿಗಳು

ಮಲಾವಿ ಸರೋವರದ ಫೋಟೊ ನೋಡಿದವರಿಗೆ ಮೊದಲು ಇಷ್ಟವಾಗುವುದು ಅದರ ತಿಳಿನೀರು. ದಡದಲ್ಲಿ ನಿಂತರೆ ತಳದ ಮರಳು, ಅದರ ಮೇಲೆ ಓಡಾಡುವ ಬಣ್ಣಬಣ್ಣದ ಮೀನು ಎಲ್ಲ ಕಾಣುತ್ತವೆ. ಪೂರ್ವ ಆಫ್ರಿಕಾದ ಈ ಸರೋವರ ಸುಮಾರು 580 ಕಿಲೋಮೀಟರ್ ಉದ್ದ ಇದೆ, ಕೆಲವು ಕಡೆ ಆಳ 700 ಮೀಟರ್ ಮುಟ್ಟುತ್ತದೆ. ಅದರ ದಕ್ಷಿಣ ಭಾಗದಲ್ಲಿ ಕೇಪ್ ಮೆಕ್ಲಿಯರ್, ಅಲ್ಲಿ ಚೆಂಬೆ ಅನ್ನುವ ಮೀನುಗಾರರ ಹಳ್ಳಿ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು, ಬಲೆ ಎಳೆಯುವುದು, ಎಲ್ಲವೂ ಆ ದಡದಲ್ಲೇ. ಇಲ್ಲಿನ ಒಂದಷ್ಟು ನೀರು, ನೆಲ, ದ್ವೀಪಗಳು ಸೇರಿ 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1984ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಇಷ್ಟು ಚೆನ್ನಾಗಿರುವ ನೀರಲ್ಲಿ ರೋಗ ಇದೆ ಅಂದರೆ ನಂಬೋದು ಕಷ್ಟ. 1980ರ ದಶಕದ ಮಧ್ಯದವರೆಗೂ ತಿಳಿದವರು ಕೂಡ ಹಾಗೇ ಅಂದುಕೊಂಡಿದ್ದರು. ಜೊಂಡು ಬೆಳೆದ ಮೂಲೆಗಳು, ತೊರೆ ಬಂದು ಸೇರುವ ಜಾಗಗಳನ್ನು ಬಿಟ್ಟರೆ ತೆರೆದ ಮರಳು ದಡಗಳಲ್ಲಿ ಬಿಲ್ಹಾರ್ಜಿಯಾ ಇಲ್ಲ, ಆರಾಮಾಗಿ ಈಜಬಹುದು ಅನ್ನುವುದು ಆಗಿನ ತಿಳಿವಳಿಕೆ. 1992ರಲ್ಲಿ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಇಬ್ಬರು ಸ್ವಯಂಸೇವಕರಿಗೆ ಈ ರೋಗ ನೇರ ನರಮಂಡಲಕ್ಕೇ ತಗುಲಿತು. ಇಬ್ಬರೂ ಕೇಪ್ ಮೆಕ್ಲಿಯರ್‌ನಲ್ಲಿ ನೀರಿಗಿಳಿದಿದ್ದವರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಬಂದು ಮಲಾವಿಯಲ್ಲಿದ್ದ ವಿದೇಶಿಯರ ರಕ್ತ ಪರೀಕ್ಷೆ ಮಾಡಿದಾಗ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಸೋಂಕು ತಗುಲಿದ ಗುರುತು ಸಿಕ್ಕಿತು. ಇವರೆಲ್ಲ ಬಿಡುವಿನಲ್ಲಿ ಈಜೋಕೆ ಹೋದವರು. ಬೆಳಗಾದರೆ ಸಂಜೆವರೆಗೂ ಅದೇ ನೀರಲ್ಲಿ ಕೆಲಸ ಮಾಡುವ ಹಳ್ಳಿಯವರ ಪಾಡು ಏನಿರಬೇಕು ಅಂತ ನೀವೇ ಯೋಚಿಸಿ.

ಬಿಲ್ಹಾರ್ಜಿಯಾ ಅನ್ನೋದು ಒಂದು ಹುಳುವಿನ ರೋಗ. ಹುಳುವಿನ ಹೆಸರು ಶಿಸ್ಟೊಸೋಮಾ. 1851ರಲ್ಲಿ ಕೈರೋದ ಆಸ್ಪತ್ರೆಯಲ್ಲಿ ಜರ್ಮನ್ ವೈದ್ಯ ಥಿಯೋಡೋರ್ ಬಿಲ್ಹಾರ್ಜ್ ಒಂದು ಹೆಣ ಕೊಯ್ದು ನೋಡುವಾಗ ರಕ್ತನಾಳದೊಳಗೆ ಇದನ್ನು ಕಂಡ, ರೋಗಕ್ಕೆ ಅವನ ಹೆಸರೇ ಉಳಿಯಿತು. ರೋಗ ಮಾತ್ರ ಬಹಳ ಹಳೆಯದು, ಸುಮಾರು 3,000 ವರ್ಷ ಹಳೆಯ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡದಲ್ಲೂ ಇದರ ಮೊಟ್ಟೆ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಇದಕ್ಕೆ ಮಾತ್ರೆ ಬೇಕಿದ್ದವರು ಕನಿಷ್ಠ 25 ಕೋಟಿ ಜನ. ಸಿಕ್ಕಿದ್ದು ಸುಮಾರು ಏಳೂವರೆ ಕೋಟಿ ಜನಕ್ಕೆ. ಬೇಕಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಆಫ್ರಿಕಾದವರು.

ಮನುಷ್ಯರಿಗೆ ತೊಂದರೆ ಕೊಡುವ ಜಾತಿಗಳು ಹಲವು ಇವೆ, ನಮಗೆ ಇಲ್ಲಿ ಬೇಕಾಗಿರುವುದು ಎರಡು. ಒಂದು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಮನೆ ಮಾಡುತ್ತದೆ. ಇನ್ನೊಂದು ಕರುಳಿನ ರಕ್ತನಾಳಗಳಲ್ಲಿ ಸೇರಿಕೊಂಡು ಲಿವರ್ ಕೆಡಿಸುತ್ತದೆ. ಮಲಾವಿಯಲ್ಲಿ ಮೊದಲಿಂದ ಇರುವುದು ಮುಖ್ಯವಾಗಿ ಮೊದಲನೆಯದು. ಮಕ್ಕಳ ಉಚ್ಚೆಯಲ್ಲಿ ರಕ್ತ ಹೋಗುತ್ತದೆ. ಎಷ್ಟೋ ಊರುಗಳಲ್ಲಿ ಇದು ಎಷ್ಟು ಮಾಮೂಲಿಯಾಗಿದೆ ಅಂದರೆ, ಗಂಡುಹುಡುಗರು ದೊಡ್ಡವರಾಗುವಾಗ ಹೀಗೆ ಆಗುವುದೇ ಸಹಜ ಅಂತ ಹಿರಿಯರೂ ಸುಮ್ಮನಿದ್ದುಬಿಡುತ್ತಾರೆ.

ಈಗ ಬಸವನಹುಳುವಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಮುಂದಿನದೆಲ್ಲ ಅರ್ಥವಾಗಬೇಕಾದರೆ ಅದರೊಳಗೆ ಶಿಸ್ಟೊಸೋಮಾ ಹೇಗೆ ಬದುಕುತ್ತದೆ ಅನ್ನುವುದು ಅರ್ಥವಾಗಬೇಕು.

ಸೋಂಕು ಇರುವ ಮಗು ನೀರಲ್ಲೋ ನೀರಿನ ಪಕ್ಕದಲ್ಲೋ ಉಚ್ಚೆ ಹೊಯ್ಯುತ್ತದೆ. ಉಚ್ಚೆ ಜೊತೆ ಹುಳುವಿನ ಮೊಟ್ಟೆಗಳು ಹೋಗುತ್ತವೆ. ಸಿಹಿನೀರು ತಾಕಿದ ತಕ್ಷಣ ಮೊಟ್ಟೆ ಒಡೆದು, ಮೈತುಂಬ ಸಣ್ಣ ರೋಮಗಳಿರುವ ಒಂದು ಮರಿ ಹೊರಬರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಅದಕ್ಕೆ ಬಾಯಿಲ್ಲ, ಊಟ ಇಲ್ಲ, ಮೊಟ್ಟೆಯಿಂದ ತಂದ ಶಕ್ತಿ ಮುಗಿಯುವುದರೊಳಗೆ, ಅಂದರೆ ಹೆಚ್ಚೆಂದರೆ ಒಂದು ದಿನದೊಳಗೆ, ಅದು ಬಸವನಹುಳುವನ್ನು ಹುಡುಕಿ ಅದರ ಮೈಯೊಳಗೆ ಹೊಕ್ಕಬೇಕು. ಯಾವುದೋ ಒಂದು ಬಸವನಹುಳು ಆದರೆ ಆಗುವುದಿಲ್ಲ. ಮೂತ್ರಕೋಶದ ಜಾತಿಗೆ ಬುಲೈನಸ್ ಕುಲದ ಬಸವನಹುಳುವೇ ಬೇಕು, ಕರುಳಿನ ಜಾತಿಗೆ ಬಯೋಂಫಲೇರಿಯಾ. ಸರಿಯಾದ ಬಸವನಹುಳು ಸಿಗದಿದ್ದರೆ ಮರಿ ಅಲ್ಲೇ ಸಾಯುತ್ತದೆ, ರೋಗದ ದಾರಿ ಅಲ್ಲಿಗೆ ಮುಗಿಯಿತು. ಇದೇ ಕಾರಣಕ್ಕೆ ಈ ರೋಗ ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ನಡುವೆ ಬಸವನಹುಳು ಇರಲೇಬೇಕು. ಈ ಸಂಗತಿಯನ್ನು ಮೊದಲು ಕಂಡುಹಿಡಿದವರು ಜಪಾನಿನ ಮಿಯೈರಿ ಮತ್ತು ಸುಜುಕಿ, 1913ರಲ್ಲಿ. ಎರಡು ವರ್ಷ ಬಿಟ್ಟು ಬ್ರಿಟನ್ನಿನ ವಿಜ್ಞಾನಿ ರಾಬರ್ಟ್ ಲೈಪರ್ ಈಜಿಪ್ಟಿನಲ್ಲಿ ಅಲ್ಲಿನ ಹುಳುಗಳಿಗೆ ಯಾವ ಬಸವನಹುಳು ಅನ್ನುವುದನ್ನು ತೋರಿಸಿಕೊಟ್ಟ.

ಬಸವನಹುಳುವಿನ ಒಳಗೆ ಆ ಒಂದು ಮರಿ ತನ್ನನ್ನೇ ಸಾವಿರಾರು ಪಟ್ಟು ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಹೊತ್ತಲ್ಲಿ ಬಸವನಹುಳು ತಾನು ಮೊಟ್ಟೆ ಇಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ಅದು ತಿಂದಿದ್ದೆಲ್ಲ ಒಳಗಿರುವವರ ಪಾಲು. ಆಮೇಲೆ ದಿನಾ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಹೊಸ ಮರಿಗಳು ಅದರ ಮೈಯಿಂದ ನೀರಿಗೆ ಬರುತ್ತವೆ. ಇವಕ್ಕೆ ಸರ್ಕೇರಿಯಾ ಅಂತ ಹೆಸರು. ಒಂದು ಮೂಲ ಮರಿಯಿಂದ ಬಂದವೆಲ್ಲ ಒಂದೇ ಲಿಂಗದವು, ಎಲ್ಲ ಗಂಡು ಅಥವಾ ಎಲ್ಲ ಹೆಣ್ಣು.

ಇದನ್ನು ನೋಡುವುದು ಕಷ್ಟವೇನಲ್ಲ. ಕೆಲಸ ಮಾಡುವವರು ದಡದಿಂದ ಬಸವನಹುಳುಗಳನ್ನು ಆರಿಸಿ ತಂದು, ಒಂದೊಂದನ್ನೂ ಬೇರೆ ಬೇರೆ ಪುಟ್ಟ ಗಾಜಿನ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಬೆಳಕಿಗೆ ಇಡುತ್ತಾರೆ. ಬುಲೈನಸ್ ಆದರೆ ಚಿಪ್ಪಿನ ಚೂಪು ತುದಿ ಮೇಲೆ ಮಾಡಿ, ಬಾಯಿ ನಮ್ಮ ಕಡೆ ತಿರುಗಿಸಿ ಹಿಡಿದಾಗ ಬಾಯಿ ಎಡಗಡೆ ಇರುತ್ತದೆ. ಹೆಚ್ಚಿನ ಬಸವನಹುಳುಗಳಿಗೆ ಅದು ಬಲಗಡೆ, ಹಾಗಾಗಿ ಮೊದಲ ಜರಡಿ ಅಲ್ಲೇ ಆಗುತ್ತದೆ. ಬೆಳಕಲ್ಲಿ ಇಟ್ಟು ಒಂದೆರಡು ಗಂಟೆ ಕಾದ ಮೇಲೆ ಪಾತ್ರೆಯ ಹಿಂದೆ ಕಪ್ಪು ಕಾಗದ ಹಿಡಿದರೆ, ಸೋಂಕಿದ್ದ ಬಸವನಹುಳುವಿನ ನೀರಲ್ಲಿ ಧೂಳಿನ ಕಣದಂಥ ಬಿಳಿ ಚುಕ್ಕೆಗಳು ಮೇಲೆ ಏಳುತ್ತ, ನಿಧಾನ ಕೆಳಗೆ ಇಳಿಯುತ್ತ, ಮತ್ತೆ ಏಳುತ್ತ ಇರುತ್ತವೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಬಾಲದ ತುದಿ ಎರಡಾಗಿ ಸೀಳಿರುವುದು ಸ್ಪಷ್ಟ ಕಾಣುತ್ತದೆ. ಕೈಗವಸು ಹಾಕಿಕೊಳ್ಳದೆ ಆ ನೀರು ಮುಟ್ಟುವ ಹಾಗಿಲ್ಲ.

ಯಾಕೆಂದರೆ ಆ ಸರ್ಕೇರಿಯಾಕ್ಕೆ ಬೇಕಾಗಿರುವುದು ಮನುಷ್ಯನ ಚರ್ಮ, ಅಷ್ಟೇ. ಗಾಯ ಇರಬೇಕು ಅಂತಿಲ್ಲ, ನೀರು ಕುಡಿಯಬೇಕು ಅಂತಲೂ ಇಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ಎರಡು ಬಟ್ಟೆ ಜಾಲಾಡಿಸುವಷ್ಟು ಹೊತ್ತು ಸಾಕು. ಚರ್ಮಕ್ಕೆ ಅಂಟಿ, ಬಾಲ ಕಳಚಿ, ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗುತ್ತದೆ. ಅಲ್ಲಿಂದ ರಕ್ತದ ಜೊತೆ ಶ್ವಾಸಕೋಶ, ಆಮೇಲೆ ಲಿವರ್. ಅಲ್ಲಿ ಬೆಳೆದು ಗಂಡು ಹೆಣ್ಣು ಜೋಡಿಯಾಗುತ್ತವೆ. ಗಂಡಿನ ಮೈಯಲ್ಲಿ ಉದ್ದಕ್ಕೆ ಒಂದು ಮಡಿಕೆ ಇದೆ, ತೆಳ್ಳಗಿನ ಹೆಣ್ಣು ಅದರೊಳಗೇ ಇರುತ್ತದೆ. ಜೋಡಿ ಕೂಡಿಯೇ ಮೂತ್ರಕೋಶದ ಕಡೆಗೋ ಕರುಳಿನ ಕಡೆಗೋ ಹೋಗಿ ಮೊಟ್ಟೆ ಇಡಲು ಶುರು ಮಾಡುತ್ತದೆ. ಸಾಮಾನ್ಯವಾಗಿ ಇವು ಕೆಲವು ವರ್ಷ ಬದುಕುತ್ತವೆ, ಕೆಲವರಲ್ಲಿ ದಶಕಗಳ ಕಾಲ ಇದ್ದದ್ದೂ ಉಂಟು.

ಬೆಳೆದ ಹುಳು ಸುಮ್ನೆ ರಕ್ತನಾಳದಲ್ಲಿ ಇದ್ದರೆ ಅಂಥ ದೊಡ್ಡ ಕಷ್ಟ ಆಗುತ್ತಿರಲಿಲ್ಲವೇನೋ. ಕಷ್ಟ ಇರುವುದು ಮೊಟ್ಟೆಯಲ್ಲಿ. ಮೂತ್ರಕೋಶದ ಜಾತಿಯ ಮೊಟ್ಟೆಗೆ ತುದಿಯಲ್ಲಿ ಒಂದು ಮುಳ್ಳು ಇದೆ. ಹೆಣ್ಣು ದಿನಕ್ಕೆ ಹತ್ತಾರರಿಂದ ನೂರಾರು ಮೊಟ್ಟೆ ಇಡುತ್ತದೆ. ಅವುಗಳಲ್ಲಿ ಒಂದಷ್ಟು ಗೋಡೆ ತೂರಿ ಹೊರಗೆ ಹೋಗುತ್ತವೆ, ಉಳಿದವು ಅಲ್ಲೇ ಮಾಂಸದಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡ ಪ್ರತಿ ಮೊಟ್ಟೆಯ ಸುತ್ತಲೂ ದೇಹ ಒಂದು ಗಂಟು ಕಟ್ಟುತ್ತದೆ, ಊದಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಮೂತ್ರಕೋಶ, ಮೂತ್ರನಾಳ ಹಾಳಾಗಿ ಕೊನೆಗೆ ಮೂತ್ರಪಿಂಡಕ್ಕೂ ಏಟು. ಮೂತ್ರಕೋಶದ ಕ್ಯಾನ್ಸರ್‌ಗೂ ಇದು ಕಾರಣ ಅನ್ನುವುದು ಖಚಿತವಾಗಿದೆ. ಮಕ್ಕಳಲ್ಲಿ ರಕ್ತಹೀನತೆ, ಬೆಳವಣಿಗೆ ಕುಂಠಿತ, ಓದಿನಲ್ಲಿ ಹಿಂದೆ ಬೀಳುವುದು. ಅಪರೂಪಕ್ಕೆ ಮೊಟ್ಟೆ ಬೆನ್ನುಹುರಿಗೆ ಹೋಗಿ ಕಾಲುಗಳೇ ಬಿದ್ದುಹೋಗುವುದೂ ಇದೆ.

ಹೆಂಗಸರ ವಿಷಯವನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ಯಾರೂ ಹೇಳುವುದಿಲ್ಲ. ಈ ಮೊಟ್ಟೆಗಳು ಗರ್ಭಕೋಶದ ಬಾಯಿ, ಜನನಾಂಗದ ಒಳಪದರಗಳಲ್ಲೂ ಸಿಕ್ಕಿಕೊಂಡು ಹುಣ್ಣು ಮಾಡುತ್ತವೆ. ರಕ್ತಸ್ರಾವ, ನೋವು, ಬಂಜೆತನ, ಗರ್ಭ ನಿಲ್ಲದಿರುವುದು, ಎಚ್‌ಐವಿ ತಗುಲುವ ಅಪಾಯವೂ ಜಾಸ್ತಿ. ಆಸ್ಪತ್ರೆಗೆ ಹೋದರೆ ಎಷ್ಟೋ ಸಲ ಲೈಂಗಿಕ ರೋಗ ಅಂತಲೇ ಔಷಧ ಕೊಟ್ಟು ಕಳಿಸುತ್ತಾರೆ. ಊರಲ್ಲಿ ಆಡಿಕೊಳ್ಳುವವರ ಬಾಯಿ ಬೇರೆ. ಪಾತ್ರೆ ಬಟ್ಟೆ ತೊಳೆಯಲು ನೀರಿಗಿಳಿದ ಹುಡುಗಿ ಮಾಡಿದ ತಪ್ಪೇನು? ಈ ಕಾಯಿಲೆಯ ಬಗ್ಗೆ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಭಾಗ ಇದು.

ಈಗ ಮಲಾವಿಯ ಪ್ರಶ್ನೆಗೆ ವಾಪಸ್ ಬರೋಣ. ತೆರೆದ ಮರಳು ದಡಗಳಲ್ಲಿ ಇರದ ರೋಗ ಅಲ್ಲಿಗೆ ಹೇಗೆ ಬಂತು?

ಅಮೆರಿಕದ ಮೀನುತಜ್ಞ ಜೇ ಸ್ಟಾಫರ್, ಡೆನ್ಮಾರ್ಕಿನ ಬಸವನಹುಳು ತಜ್ಞ ಹೆನ್ರಿ ಮ್ಯಾಡ್ಸೆನ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಈ ದಡದಲ್ಲಿ ಮುಳುಗಿ ಎದ್ದು ಲೆಕ್ಕ ಹಾಕಿದರು. ಅವರು ಕಂಡದ್ದು ಎರಡು ವಿಷಯ. ಮೊದಲನೆಯದು, ಈ ಸರೋವರದಲ್ಲಿ ಮಾತ್ರ ಇರುವ ಬುಲೈನಸ್ ನ್ಯಾಸಾನಸ್ ಎಂಬ ಬಸವನಹುಳುವೂ ರೋಗ ಹರಡುತ್ತದೆ. ಅದಕ್ಕೆ ಜೊಂಡು, ಎಲೆ, ನಿಂತ ನೀರು ಯಾವುದೂ ಬೇಡ. ತೆರೆದ ದಡದ ಮರಳೇ ಅದರ ಮನೆ, ಹಗಲು ಹೊತ್ತು ಮರಳೊಳಗೆ ಹೂತುಕೊಂಡಿರುತ್ತದೆ. ಜೊಂಡಿನ ಹತ್ತಿರ ಹುಡುಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಎರಡನೆಯದು ಮೀನಿನ ಕತೆ. ಮಲಾವಿ ಸರೋವರದಲ್ಲಿ ಸಿಕ್ಲಿಡ್ ಕುಟುಂಬದ ನೂರಾರು ಬಗೆ ಮೀನುಗಳಿವೆ. ಅವುಗಳಲ್ಲಿ ಟ್ರೆಮಟೊಕ್ರೇನಸ್ ಪ್ಲ್ಯಾಕೊಡಾನ್ ಅನ್ನುವುದು ಬಸವನಹುಳು ತಿಂದೇ ಬದುಕುವ ಮೀನು. ಅದರ ಗಂಟಲಿನೊಳಗೆ ಇನ್ನೊಂದು ಜೊತೆ ದವಡೆ ಇದೆ, ಅದರ ಮೇಲೆ ಚಪ್ಪಟೆಯಾದ, ಅಗಲವಾದ, ಗಟ್ಟಿ ಹಲ್ಲುಗಳು. ಮರಳಿಗೆ ಮೂತಿ ಹಾಕಿ ಬಸವನಹುಳುವನ್ನು ಬಾಯಿಗೆ ಎಳೆದುಕೊಂಡು, ಆ ಹಲ್ಲುಗಳ ನಡುವೆ ಚಿಪ್ಪು ಪುಡಿ ಮಾಡಿ, ತಿರುಳು ನುಂಗುತ್ತದೆ. ಇಂಥ ಮೀನು ದಡದುದ್ದಕ್ಕೂ ಓಡಾಡುತ್ತಿದ್ದ ಕಾಲದಲ್ಲಿ ಬಸವನಹುಳು ಮರಳಲ್ಲಿ ಹೆಚ್ಚಲು ಆಗುತ್ತಿರಲಿಲ್ಲ. 1980ರ ದಶಕದ ಮಧ್ಯದಿಂದ ದಡದ ಹತ್ತಿರ ಮೀನು ಹಿಡಿಯುವುದು ವಿಪರೀತವಾಯಿತು. ಜನಸಂಖ್ಯೆ ಹೆಚ್ಚಿತು, ಆಳದ ನೀರಿಗೆ ಹೋಗುವಷ್ಟು ದೋಣಿ, ಎಂಜಿನ್ ಎಲ್ಲರ ಹತ್ತಿರ ಇಲ್ಲ, ಹಾಗಾಗಿ ದಡದಿಂದಲೇ ಎಳೆಬಲೆ ಹಾಕಿ ಎಳೆಯುತ್ತಾರೆ, ಸಣ್ಣ ಮೀನಿಗೆ ಸೊಳ್ಳೆಪರದೆಯನ್ನೇ ಬಲೆ ಮಾಡಿಕೊಂಡವರೂ ಇದ್ದಾರೆ, ಮರಿ ಮೀನೂ ಉಳಿಯುವುದಿಲ್ಲ. ಬಸವನಹುಳು ತಿನ್ನುವ ಮೀನು ಕಡಿಮೆಯಾಯಿತು. ಅದೇ ಜಾಗಗಳಲ್ಲಿ ಬಸವನಹುಳು ಹೆಚ್ಚಿತು, ಅದೇ ಹೊತ್ತಿಗೆ ರೋಗವೂ ಹೆಚ್ಚಿತು.

ಮೀನೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ದಡದಲ್ಲಿ ಜನ ಹೆಚ್ಚಾದರೆ ನೀರಿಗೆ ಬೀಳುವ ಮೊಟ್ಟೆಯೂ ಹೆಚ್ಚುತ್ತದೆ. ಸುತ್ತಲಿನ ಗುಡ್ಡಗಳ ಮರ ಕಡಿದು ಹೊಲ ಮಾಡಿದರೆ ಮಣ್ಣು, ಗೊಬ್ಬರ ಹರಿದು ಬಂದು ದಡದಲ್ಲಿ ಪಾಚಿ ಬೆಳೆಯುತ್ತದೆ, ಬಸವನಹುಳುವಿಗೆ ಅದೇ ಊಟ. 2017ರಲ್ಲಿ ಸರೋವರದ ದಕ್ಷಿಣದ ಮಂಗೋಚಿ ಜಿಲ್ಲೆಯ ದಡದಲ್ಲಿ ಬಯೋಂಫಲೇರಿಯಾ ಬಸವನಹುಳುವೂ ಸಿಕ್ಕಿತು, ಅದರ ಹಿಂದೆಯೇ ಅಲ್ಲಿನ ಶಾಲಾ ಮಕ್ಕಳಲ್ಲಿ ಕರುಳಿನ ಬಿಲ್ಹಾರ್ಜಿಯಾ. ಅಂದರೆ ಈಗ ಒಂದೇ ನೀರಲ್ಲಿ ಎರಡೂ ರೋಗ.

ನೀರನ್ನು ಬದಲಿಸಿದರೆ ರೋಗ ಎಷ್ಟು ಬೇಗ ಬದಲಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾದರೆ ಖಂಡದ ಇನ್ನೊಂದು ಮೂಲೆಗೆ, ಸೆನೆಗಲ್‌ಗೆ ಹೋಗಬೇಕು. ಸೆನೆಗಲ್ ನದಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಉಪ್ಪುನೀರು ನದಿಯೊಳಗೆ ಬಹಳ ದೂರ ಬರುತ್ತಿತ್ತು. ಅದನ್ನು ತಡೆಯಲು 1986ರಲ್ಲಿ ಡಯಾಮಾ ಅಣೆಕಟ್ಟು ಕಟ್ಟಿ ಮುಗಿಸಿದರು. ಉದ್ದೇಶ ಒಳ್ಳೆಯದೇ: ಭತ್ತ, ಕಬ್ಬಿಗೆ ವರ್ಷಪೂರ್ತಿ ಸಿಹಿನೀರು. ಉಪ್ಪು ಹೋಯಿತು, ನೀರು ನಿಧಾನವಾಯಿತು, ಕಾಲುವೆಗಳಲ್ಲಿ ಕಳೆ ತುಂಬಿತು, ಬಸವನಹುಳುವಿಗೆ ಬೇಕಾಗಿದ್ದೆಲ್ಲ ಒಟ್ಟಿಗೇ ಸಿಕ್ಕಿತು. ಕಬ್ಬಿನ ಊರಾದ ರಿಷಾರ್ ತೋಲ್‌ನಲ್ಲಿ 1988ರಲ್ಲಿ ಕರುಳಿನ ಬಿಲ್ಹಾರ್ಜಿಯಾ ಮೊದಲ ಬಾರಿಗೆ ಕಂಡಿತು. ಎರಡು ಮೂರು ವರ್ಷದೊಳಗೆ ಊರಿನ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು ಹರಡಿತ್ತು.

ಅಲ್ಲೂ ತಿನ್ನುವವರ ಕತೆ ಇದೆ, ಅಲ್ಲಿ ಮೀನಿನ ಬದಲು ಸೀಗಡಿ. ಆ ನದಿಯ ದೊಡ್ಡ ಸೀಗಡಿ ಬಸವನಹುಳು ತಿನ್ನುತ್ತದೆ, ಆದರೆ ಅದರ ಮರಿ ಬೆಳೆಯಲು ಸ್ವಲ್ಪ ಉಪ್ಪಿರುವ ನೀರು ಬೇಕು, ಅದಕ್ಕೆ ತಾಯಿ ಸೀಗಡಿ ನದೀಮುಖಕ್ಕೆ ಹೋಗಿಬರಬೇಕು. ಅಣೆಕಟ್ಟು ಆ ದಾರಿ ಮುಚ್ಚಿತು. ಸೀಗಡಿ ಇಲ್ಲವಾಯಿತು. ಸಂಶೋಧಕರು ಒಂದು ಹಳ್ಳಿಯಲ್ಲಿ ಜನ ನೀರಿಗಿಳಿಯುವ ಜಾಗದ ಸುತ್ತ ಬಲೆ ಕಟ್ಟಿ ಸೀಗಡಿ ಬಿಟ್ಟು ನೋಡಿದರು. ಸೋಂಕಿರುವ ಬಸವನಹುಳು ಬಹಳ ಇಳಿಯಿತು, ಜನರ ಮೈಯಿಂದ ಹೊರಬೀಳುವ ಮೊಟ್ಟೆಯ ಲೆಕ್ಕವೂ ಇಳಿಯಿತು. ಆ ಕೆಲಸದ ವಿವರ 2015ರಲ್ಲಿ ಪ್ರಕಟವಾಯಿತು. ಆಮೇಲೆ ಇನ್ನೊಂದು ಪ್ರಯತ್ನ ನಡೆಯಿತು, ನನಗೆ ಹೆಚ್ಚು ಹಿಡಿಸಿದ್ದು ಇದೇ. ಬಸವನಹುಳುಗಳು ಹೆಚ್ಚಾಗಿ ಅಡಗಿಕೊಳ್ಳುವುದು ನೀರೊಳಗೆ ಬೆಳೆಯುವ ಸೆರಟೊಫಿಲಮ್ ಅನ್ನುವ ಕಳೆಯಲ್ಲಿ. ಹಳ್ಳಿಗಳ ನೀರಿಗಿಳಿಯುವ ಜಾಗಗಳಿಂದ ಆ ಕಳೆಯನ್ನು ರಾಶಿ ರಾಶಿ ಎಳೆದು ಹಾಕಿದರು. ಕಳೆ ತೆಗೆದ ಊರುಗಳ ಮಕ್ಕಳಲ್ಲಿ ಕರುಳಿನ ಬಿಲ್ಹಾರ್ಜಿಯಾ ಮತ್ತೆ ತಗುಲುವುದು ಸಾಕಷ್ಟು ಕಡಿಮೆಯಾಯಿತು. ತೆಗೆದ ಕಳೆ ಗೊಬ್ಬರವಾಯಿತು, ದನ ಕುರಿಗೆ ಮೇವೂ ಆಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊಲದ ಗೊಬ್ಬರ ಹರಿದು ಬಂದು ಕಳೆಯಾಗಿತ್ತು, ಆ ಕಳೆ ಮತ್ತೆ ಹೊಲಕ್ಕೇ ಹೋಯಿತು.

ಮಾತ್ರೆ ಇಲ್ವಾ ಅಂತ ಕೇಳುತ್ತೀರಿ. ಇದೆ. ಪ್ರಾಜಿಕ್ವಾಂಟೆಲ್ ಅಂತ, 1970ರ ದಶಕದಲ್ಲಿ ಜರ್ಮನಿಯಲ್ಲಿ ಕಂಡುಹಿಡಿದದ್ದು. ಮೈತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ, ಸಾಮಾನ್ಯವಾಗಿ ಒಂದೇ ಸಲ. ಮರ್ಕ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ವರ್ಷಕ್ಕೆ 25 ಕೋಟಿ ಮಾತ್ರೆಗಳವರೆಗೆ ಉಚಿತವಾಗಿ ಕೊಡುತ್ತದೆ. ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಕ್ಕಡಿ ಇಲ್ಲದಿದ್ದರೂ ನಡೆಯಲಿ ಅಂತ ಗುರುತು ಹಾಕಿದ ಕೋಲಿನ ಪಕ್ಕ ನಿಲ್ಲಿಸಿ ಎತ್ತರ ನೋಡಿ, ಎಷ್ಟು ಮಾತ್ರೆ ಅಂತ ತೀರ್ಮಾನಿಸಿ ಕೊಡುತ್ತಾರೆ. ಮಾತ್ರೆ ದೊಡ್ಡದು, ಕಹಿ, ಹೊಟ್ಟೆಗೆ ಏನಾದರೂ ತಿಂದಿರಬೇಕು. ಚಿಕ್ಕ ಮಕ್ಕಳಿಗೆ ನುಂಗಲು ಆಗುತ್ತಿರಲಿಲ್ಲ, ಹಾಗಾಗಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನವರು ವರ್ಷಗಟ್ಟಲೆ ಈ ಲೆಕ್ಕದಿಂದಲೇ ಹೊರಗಿದ್ದರು, ಅಮ್ಮನ ಜೊತೆ ದಡಕ್ಕೆ ಹೋಗುವ ಮಕ್ಕಳು ಅವರೇ ಆದರೂ. ಅವರಿಗಾಗಿ ನೀರಲ್ಲಿ ಕರಗುವ ಸಣ್ಣ ಮಾತ್ರೆ ತಯಾರಾಗಿ, 2023ರ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಪರವಾಗಿ ಅಭಿಪ್ರಾಯ ಕೊಟ್ಟಿತು.

ಈ ಮಾತ್ರೆ ಎಷ್ಟು ದೊಡ್ಡ ಉಪಕಾರ ಅನ್ನೋದು ಹಿಂದಿನದನ್ನು ನೋಡಿದರೆ ತಿಳಿಯುತ್ತದೆ. ಈಜಿಪ್ಟಿನಲ್ಲಿ 1980ರ ದಶಕದ ಆರಂಭದವರೆಗೂ ಬಿಲ್ಹಾರ್ಜಿಯಾಕ್ಕೆ ಆಂಟಿಮನಿ ಇಂಜೆಕ್ಷನ್ ಕೊಡುತ್ತಿದ್ದರು. ಹಳ್ಳಿ ಹಳ್ಳಿಯಲ್ಲಿ ಸೂಜಿಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಮತ್ತೆ ಬಳಸಿದ್ದರಿಂದ ಅಲ್ಲಿ ಹೆಪಟೈಟಿಸ್ ಸಿ ಬೃಹತ್ತಾಗಿ ಹರಡಿತು. ಒಂದು ರೋಗ ಓಡಿಸಲು ಹೋಗಿ ಲಕ್ಷಾಂತರ ಜನಕ್ಕೆ ಇನ್ನೊಂದು.

ಆದರೂ ಮಾತ್ರೆಗೆ ಮಿತಿ ಇದೆ. ಅದು ಬೆಳೆದ ಹುಳುವನ್ನು ಕೊಲ್ಲುತ್ತದೆ, ಈಗಷ್ಟೇ ಒಳಹೊಕ್ಕ ಎಳೆಯ ಹುಳುವಿಗೆ ಅಷ್ಟಾಗಿ ತಾಕುವುದಿಲ್ಲ. ಮತ್ತೆ ಸೋಂಕು ಬರದಂತೆ ತಡೆಯುವುದಂತೂ ಇಲ್ಲವೇ ಇಲ್ಲ. ಸೋಮವಾರ ಶಾಲೆಯಲ್ಲಿ ಮಾತ್ರೆ ನುಂಗಿದ ಮಗು ಮಂಗಳವಾರ ಅದೇ ನೀರಿಗೆ ಇಳಿಯುತ್ತದೆ. ಬಸವನಹುಳು ಅಲ್ಲೇ ಇದೆ. ಮುಂದಿನ ವರ್ಷ ಮತ್ತೆ ಮಾತ್ರೆ. ಮಾತ್ರೆ ಹಂಚುವುದನ್ನು ನಿಲ್ಲಿಸಬೇಕು ಅಂತ ನಾನು ಖಂಡಿತ ಹೇಳುವುದಿಲ್ಲ, ಹಂಚುವುದು ಇನ್ನೂ ಹೆಚ್ಚಬೇಕು. ಆದರೆ ಎಣಿಸಿ ಕೊಡುವುದಕ್ಕೆ ಸುಲಭ ಅಂತ ಮಾತ್ರೆಗೆ ಹಣ ಸಿಗುತ್ತದೆ, ನೀರಿನ ಕಡೆ, ಮೀನಿನ ಕಡೆ, ಕಕ್ಕಸಿನ ಕಡೆ ನೋಡುವವರು ಕಡಿಮೆ. ಒಂದೇ ಕಾಲಲ್ಲಿ ಎಷ್ಟು ದೂರ ನಡೆಯೋಕಾಗುತ್ತೆ?

ಹಾಗಾದರೆ ಬಸವನಹುಳುವನ್ನೇ ಕೊಂದುಬಿಟ್ಟರೆ? ನಿಕ್ಲೋಸಮೈಡ್ ಅನ್ನುವ ಔಷಧ ಇದೆ, ನೀರಿಗೆ ಹಾಕಿದರೆ ಬಸವನಹುಳು ಸಾಯುತ್ತದೆ, ಕಾಲುವೆ, ಸಣ್ಣ ಹೊಂಡಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೀನನ್ನೂ ಕೊಲ್ಲುತ್ತದೆ. ಮೀನೇ ಅನ್ನವಾಗಿರುವ ಊರಲ್ಲಿ, 580 ಕಿಲೋಮೀಟರ್ ಉದ್ದದ ಸರೋವರದಲ್ಲಿ ಇದು ಆಗುವ ಮಾತಲ್ಲ. ಇನ್ನೊಂದು ತೊಡಕು, ಈ ಬಸವನಹುಳುಗಳು ಒಂದೇ ಮೈಯಲ್ಲಿ ಗಂಡೂ ಹೌದು ಹೆಣ್ಣೂ ಹೌದು, ಜೊತೆ ಸಿಗದಿದ್ದರೆ ತಾನೇ ತಾನಾಗಿ ಮೊಟ್ಟೆ ಇಡಬಲ್ಲವು. ತಪ್ಪಿಸಿಕೊಂಡ ಒಂದೇ ಬಸವನಹುಳು ಸಾಕು, ಸಂಸಾರ ಮತ್ತೆ ಶುರು. ಕೆಲವು ಜಾತಿಗಳು ನೀರು ಬತ್ತಿದರೆ ಕೆಸರಲ್ಲಿ ತಿಂಗಳುಗಟ್ಟಲೆ ಕಾದಿರುತ್ತವೆ.

ಇಥಿಯೋಪಿಯಾದಲ್ಲಿ 1964ರಲ್ಲಿ ಅಕ್ಲಿಲು ಲೆಮ್ಮಾ ಅನ್ನುವ ಯುವ ವಿಜ್ಞಾನಿ ಅಡ್ವಾ ಊರಿನ ಹತ್ತಿರ ಹೊಳೆಯಲ್ಲಿ ಬಸವನಹುಳು ಹುಡುಕುತ್ತಿದ್ದ. ಹೆಂಗಸರು ಬಟ್ಟೆ ಒಗೆಯುವ ಜಾಗದ ಕೆಳಗಡೆ ಮಾತ್ರ ಸತ್ತ ಬಸವನಹುಳುಗಳು ಜಾಸ್ತಿ ಕಂಡವು. ಅವರು ಸೋಪಿನ ಬದಲು ಬಳಸುತ್ತಿದ್ದುದು ಎಂಡೋಡ್ ಎಂಬ ಗಿಡದ ಕಾಯಿ, ನಮ್ಮ ಅಂಟುವಾಳದ ಹಾಗೆ ನೊರೆ ಬರುವಂಥದ್ದು. ಆ ನೊರೆಯೇ ಬಸವನಹುಳುವಿಗೆ ವಿಷ ಅಂತ ಅವನು ಗುರುತಿಸಿದ. ಬಡ ಊರುಗಳಿಗೆ ದುಬಾರಿ ರಾಸಾಯನಿಕದ ಬದಲು ತಮ್ಮ ಹಿತ್ತಲಲ್ಲೇ ಬೆಳೆಯುವ ಗಿಡ ಸಿಗಲಿ ಅಂತ ಬದುಕಿಡೀ ದುಡಿದ. 1989ರಲ್ಲಿ ಅವನಿಗೂ ಜೊತೆಗಾರ ಲೆಗೆಸ್ಸೆ ವೋಲ್ಡೆ ಯೊಹಾನ್ನೆಸ್‌ಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಎಂಡೋಡ್ ಮಾತ್ರ ಅವನು ಬಯಸಿದಷ್ಟು ದೊಡ್ಡದಾಗಿ ಬಳಕೆಗೆ ಬರಲಿಲ್ಲ.

ಗೆದ್ದ ಊರುಗಳೂ ಇವೆ. ಜಪಾನಿನ ಯಮನಾಶಿ ಪ್ರಾಂತ್ಯದಲ್ಲಿ ನೂರಾರು ಕಿಲೋಮೀಟರ್ ಕಾಲುವೆಗಳಿಗೆ ಸಿಮೆಂಟ್ ಹಾಕಿದರು, ಗದ್ದೆಗಳು ಹಣ್ಣಿನ ತೋಟವಾದವು, ಬಸವನಹುಳುವಿಗೆ ಜಾಗವೇ ಇಲ್ಲದಾಯಿತು, 1996ರಲ್ಲಿ ರೋಗ ಮುಗಿಯಿತು ಅಂತ ಘೋಷಿಸಿದರು. ಅದಕ್ಕೆ ಹಿಡಿದದ್ದು ದಶಕಗಳು, ಜೊತೆಗೆ ಶ್ರೀಮಂತ ದೇಶವೊಂದರ ದುಡ್ಡು. ಸರೋವರದ ದಡಕ್ಕೆ ಸಿಮೆಂಟ್ ಹಾಕೋಕಾಗಲ್ಲ.

ಚೆಂಬೆಯಂಥ ಊರಿಗೆ ಏನು ಮಾಡಬಹುದು ಅನ್ನೋದು ಈಗ ಹೆಚ್ಚುಕಡಿಮೆ ಗೊತ್ತಿದೆ. ಮಾತ್ರೆ, ದೊಡ್ಡವರಿಗೂ ಸೇರಿಸಿ. ನಲ್ಲಿ ಅಥವಾ ಬೋರ್‌ವೆಲ್ ನೀರು, ಬಟ್ಟೆ ಒಗೆಯಲು ಕಲ್ಲು ಹಾಕಿದ ಜಾಗ ಸಹಿತ, ಯಾಕೆಂದರೆ ಕುಡಿಯುವ ನೀರು ಕೊಟ್ಟು ಒಗೆಯುವ ಜಾಗ ಕೊಡದಿದ್ದರೆ ಹೆಂಗಸರು ದಡಕ್ಕೇ ಹೋಗಬೇಕು. ಕಕ್ಕಸು. ಮತ್ತು ದಡದ ಹತ್ತಿರದ ನೀರಲ್ಲಿ ಮೀನು ಹಿಡಿಯುವುದಕ್ಕೆ ಮಿತಿ, ಬಸವನಹುಳು ತಿನ್ನುವ ಮೀನು ಮತ್ತೆ ತುಂಬಿಕೊಳ್ಳುವವರೆಗೆ. ಈ ಕೊನೆಯದು ಹೇಳಲು ಸುಲಭ. ಎಳೆಬಲೆ ಬಿಟ್ಟರೆ ಸಂಜೆಯ ಸಾರಿಗೆ ಬೇರೆ ದಾರಿ ಇಲ್ಲದವರಿಗೆ ಬಲೆ ಬಿಡಿ ಅಂತ ಯಾರು ಹೇಳುವುದು? ಆಳದ ನೀರಿನ ಮೀನು ಹಿಡಿಯಲು ದೋಣಿ, ಬಲೆ ಕೊಟ್ಟು ಆಮೇಲೆ ಕೇಳಬೇಕು. ನೀರಿಗೆ ಇಳಿಯಬೇಡಿ ಅನ್ನುವ ಬೋರ್ಡ್ ಪ್ರವಾಸಿಗರಿಗೆ ಉಪಯೋಗವಾದೀತು, ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಸಲಹೆಯೇ ಅಲ್ಲ.

ನಮ್ಮಲ್ಲಿ ಇದೆಯಾ ಅಂತ ಓದುವವರಿಗೆ ಅನ್ನಿಸದೆ ಇರಲ್ಲ. ಮನುಷ್ಯರ ಬಿಲ್ಹಾರ್ಜಿಯಾ ಭಾರತದಲ್ಲಿ ನೆಲೆಯೂರಿದ್ದ ಹೆಸರಾಂತ ಜಾಗ ಒಂದೇ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಅನ್ನುವ ಹಳ್ಳಿ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಅನ್ನುವ ವೈದ್ಯರು ಅಲ್ಲಿನ ಜನರ ಮೂತ್ರದಲ್ಲಿ ರಕ್ತ ಹೋಗುವುದರ ಮೂಲ ಹುಡುಕಿ ಇದನ್ನು ಪತ್ತೆ ಮಾಡಿದರು. ಚಿಕಿತ್ಸೆ, ಬಸವನಹುಳು ನಿಯಂತ್ರಣ ಎರಡೂ ನಡೆದು ಅಲ್ಲಿ ಅದು ಅಡಗಿತು. ಆದರೆ ಈ ಹುಳುವಿನ ದಾಯಾದಿಗಳು ನಮ್ಮ ಕೆರೆ, ಗದ್ದೆಗಳಲ್ಲಿ ಧಾರಾಳ ಇದ್ದಾರೆ. ಇಂಡೋಪ್ಲನಾರ್ಬಿಸ್ ಅನ್ನುವ, ಸುರುಳಿ ಸುತ್ತಿ ಚಪ್ಪಟೆಯಾಗಿರುವ ಕಂದು ಬಸವನಹುಳು ನಮ್ಮ ಕಡೆ ಕೆರೆಯ ಅಂಚಲ್ಲಿ ಸಿಗುತ್ತದೆ. ಅದರ ಮೂಲಕ ಬರುವ ಒಂದು ಜಾತಿ ದನಗಳ ಮೂಗಿನ ರಕ್ತನಾಳಗಳಲ್ಲಿ ಸೇರಿ ಗಡ್ಡೆ ಮಾಡುತ್ತದೆ, ಮೂಗಿನಿಂದ ಸಿಂಬಳ, ಕೆಲವೊಮ್ಮೆ ರಕ್ತ ಸುರಿಯುತ್ತದೆ, ಉಸಿರಾಡುವಾಗ ದನ ಗೊರಕೆ ಹೊಡೆದ ಹಾಗೆ ಸದ್ದು ಮಾಡುತ್ತದೆ. ಇಂಥ ಹಸು ಕಂಡರೆ ನೆಗಡಿ ಅಂತ ಬಿಡದೆ ಪಶುವೈದ್ಯರಿಗೆ ತೋರಿಸಿ. ಈ ದನದ ಹುಳುವಿನ ಸರ್ಕೇರಿಯಾ ಗದ್ದೆಯಲ್ಲಿ ಕೆಲಸ ಮಾಡುವವರ ಕಾಲಿಗೂ ಚುಚ್ಚುತ್ತದೆ. ಮನುಷ್ಯನೊಳಗೆ ಅದು ಬೆಳೆಯುವುದಿಲ್ಲ, ಚರ್ಮದಲ್ಲೇ ಸಾಯುತ್ತದೆ, ಆದರೆ ಕೆಂಪು ಗುಳ್ಳೆ, ತಡೆಯಲಾಗದ ತುರಿಕೆ ಕೊಡುತ್ತದೆ.

ಕೆಲಸಕ್ಕೋ ಪ್ರವಾಸಕ್ಕೋ ಆಫ್ರಿಕಾಕ್ಕೆ ಹೋಗುವ ಕನ್ನಡಿಗರು ಈಗ ಕಡಿಮೆ ಇಲ್ಲ. ಮಲಾವಿ, ವಿಕ್ಟೋರಿಯಾ, ವೋಲ್ಟಾ, ಯಾವ ಸರೋವರವಾದರೂ ನೀರು ತಿಳಿಯಾಗಿದೆ ಅಂತ ಇಳಿಯಬೇಡಿ. ಸಮುದ್ರದ ನೀರು, ಕ್ಲೋರಿನ್ ಹಾಕಿದ ಈಜುಕೊಳಕ್ಕೆ ಈ ಭಯ ಇಲ್ಲ. ಸ್ನಾನಕ್ಕೆ ಸರೋವರದ ನೀರೇ ಗತಿಯಾದರೆ ಒಂದು ನಿಮಿಷ ಕುದಿಸಿ, ಇಲ್ಲವೇ ಬಸವನಹುಳು ಸೇರದಂತೆ ಮುಚ್ಚಿದ ಟ್ಯಾಂಕಲ್ಲಿ ಎರಡು ದಿನ ಇಟ್ಟು ಬಳಸಿ, ಆಹಾರವಿಲ್ಲದ ಸರ್ಕೇರಿಯಾ ಅಷ್ಟರಲ್ಲಿ ಸತ್ತಿರುತ್ತದೆ. ಈಗಾಗಲೇ ಇಳಿದು ಬಂದಿದ್ದೀರಾದರೆ ಏನೂ ಆಗಿಲ್ಲ ಅನ್ನಿಸಿದರೂ ಎರಡು ಮೂರು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಅದಕ್ಕೂ ಮುಂಚೆ ಜ್ವರ, ಕೆಮ್ಮು, ಮೈಮೇಲೆ ದದ್ದು ಬಂದರೆ ಕಾಯಬೇಡಿ. ಇಲ್ಲಿನ ಡಾಕ್ಟರಿಗೆ ಈ ರೋಗ ನೋಡಿ ಅಭ್ಯಾಸ ಇರುವುದಿಲ್ಲ, ಆಫ್ರಿಕಾದ ಸರೋವರದಲ್ಲಿ ಈಜಿದ್ದೆ ಅಂತ ನೀವಾಗಿಯೇ ಹೇಳಿ. ಮೂತ್ರ ಪರೀಕ್ಷೆಗೆ ಬರೆದುಕೊಟ್ಟರೆ ಬೆಳಗಿನ ಮೊದಲ ಮೂತ್ರ ಕೊಡಬೇಡಿ, ಹತ್ತು ಗಂಟೆಯಿಂದ ಎರಡು ಗಂಟೆಯೊಳಗಿನದನ್ನು ಕೊಡಿ, ಮೊಟ್ಟೆ ಹೆಚ್ಚು ಬೀಳುವುದು ಆ ಹೊತ್ತಲ್ಲಿ.